ಹಿಮಕ್ಕೆ ಇಳಿಯುವ ಮುನ್ನ ಮನೆಯಲ್ಲೊಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ

ಬೂಟಿನ ಅಡಿಗೆ ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ತಡೆಯುವ ಅಗಲ ಚೌಕಟ್ಟು ಕಟ್ಟಿಕೊಂಡು, ಗುರುತಿನ ದಾರಿಯೇ ಇಲ್ಲದ ಹಿಮದ ಕಾಡಿನಲ್ಲಿ ದಿನವಿಡೀ ನಡೆಯಬೇಕು. ಅದಕ್ಕೆ ಬಟ್ಟೆಬರೆ, ಸಾಮಾನು ಆರಿಸುವುದನ್ನು ಎಲ್ಲಿಂದ ಶುರು ಮಾಡಬೇಕು? ಈಗ ಕೇಳಿದಾಗ ಮುಂದಿನ ಸಾಲಿನವರು ‘ಸ್ನೋಶೂನಿಂದ’ ಅಂದಿರಿ, ಹಿಂದೆ ಕೂತವರು ‘ಜಾಕೆಟ್‌ನಿಂದ’ ಅಂದರು. ನಾನು ಒಂದಕ್ಕೆ ಹೋಗುವುದರಿಂದ ಶುರು ಮಾಡುತ್ತೇನೆ. ನಗಿ, ಪರವಾಗಿಲ್ಲ. ದೂರದ ಬಸ್ ಪ್ರಯಾಣ ಇದೆ ಅಂದಾಗ ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡದ ಹೆಂಗಸು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿ, ಒಂದು ಕೈಯೂ ಇಲ್ಲ.

ನಾನೂ ಅದನ್ನೇ ಮಾಡಿದ್ದೆ. ನನ್ನ ಮೊದಲ ದೊಡ್ಡ ನಡಿಗೆಗೆ ಎದೆವರೆಗೆ ಬರುವ, ಹೆಗಲ ಮೇಲೆ ಪಟ್ಟಿ ಇರುವ ಬಿಬ್ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ. ಸೊಂಟದ ಸಂದಿಯಲ್ಲಿ ಹಿಮ ನುಗ್ಗುವುದಿಲ್ಲ, ಬೆನ್ನು ಬೆಚ್ಚಗಿರುತ್ತದೆ, ಬಟ್ಟೆಯೂ ಒಳ್ಳೆಯದೇ. ಆದರೆ ಅದನ್ನು ಕೆಳಗಿಳಿಸಬೇಕಾದರೆ ಮೊದಲು ಬ್ಯಾಗ್ ಇಳಿಸಬೇಕು, ಹೊರಜಾಕೆಟ್ ಬಿಚ್ಚಬೇಕು, ಅದರ ಒಳಗಿನ ಬೆಚ್ಚನೆಯ ಫ್ಲೀಸ್ ಅಂಗಿ ಬಿಚ್ಚಬೇಕು, ಆಮೇಲೆ ಪಟ್ಟಿ. ಮರ ಇಲ್ಲದ ಬಯಲು, ಗಾಳಿ, ಗುಂಪಿನಲ್ಲಿ ನಾಲ್ವರು ಗಂಡಸರು. ಹಾಗಾಗಿ ನೀರನ್ನೇ ಮುಟ್ಟಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಬೆರಳು ಸೆಟೆದು ಸ್ನೋಶೂವಿನ ಪಟ್ಟಿ ಎಳೆಯಲೂ ಆಗಲಿಲ್ಲ. ಗೆಳತಿಯೇ ಮಂಡಿಯೂರಿ ಕೂತು ಕಟ್ಟಿಕೊಟ್ಟಳು. ಗ್ಲೌಸ್ ಸರಿಯಿಲ್ಲ ಅಂದುಕೊಂಡು ಮನೆಗೆ ಬಂದವಳೇ ಇನ್ನೂ ದಪ್ಪದ್ದನ್ನು ಕೊಂಡೆ. ಮುಂದಿನ ಸಲವೂ ಅದೇ ಕಥೆ.

ತಪ್ಪು ಗ್ಲೌಸಿನದಾಗಿರಲಿಲ್ಲ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ರಕ್ತ ಒಡಲಿನ ಕಡೆಗೆ ಸರಿಯುತ್ತದೆ. ಒಳಗೆ ನೀರಿನಂಶ ಹೆಚ್ಚಾಗಿದೆ ಅಂತ ದೇಹ ತಿಳಿದುಕೊಂಡು ಮೂತ್ರಪಿಂಡದ ಮೂಲಕ ಹೊರಹಾಕುತ್ತದೆ. ಚಳಿಯಲ್ಲಿ ಪದೇ ಪದೇ ಒಂದಕ್ಕೆ ಅವಸರ ಆಗುವುದು ಇದರಿಂದಲೇ. ಸಾಲದ್ದಕ್ಕೆ ಒಣ ಗಾಳಿಯಲ್ಲಿ ಏದುಸಿರು ಬಿಡುತ್ತಾ ನಡೆಯುವಾಗ ಉಸಿರಿನ ಜೊತೆಗೂ ನೀರು ಹೋಗುತ್ತಿರುತ್ತದೆ. ಹೀಗೆ ಎರಡು ಕಡೆ ಸೋರುವ ಕೊಡಕ್ಕೆ ನೀರು ಹಾಕುವುದನ್ನೂ ನಿಲ್ಲಿಸಿದರೆ ಬೆರಳ ತುದಿಗೆ ಬಿಸಿ ತಲುಪಿಸುವ ರಕ್ತವೇ ಕಡಿಮೆಯಾಗುತ್ತದೆ. ನನ್ನ ಬೆರಳು ಸೆಟೆಯುವುದಕ್ಕೆ ಕಾರಣವಾದದ್ದು ನನ್ನ ಪ್ಯಾಂಟು.

ಆದ್ದರಿಂದ ಪ್ಯಾಂಟ್ ಆರಿಸುವಾಗ ನನ್ನ ಪರೀಕ್ಷೆ ಹೀಗಿದೆ. ಒಳಗಿನ ಥರ್ಮಲ್‌ನಿಂದ ಹೊರಗಿನ ಪದರದವರೆಗೆ ಎಲ್ಲವನ್ನೂ ಹಾಕಿಕೊಳ್ಳಿ, ಬ್ಯಾಗ್ ಹೆಗಲಿಗೇರಿಸಿ, ಗ್ಲೌಸ್ ತೊಟ್ಟುಕೊಳ್ಳಿ, ಹಳೆಯ ಕಂಬಳಿಯ ಮೇಲೆ ನಿಂತು ಸ್ನೋಶೂ ಕೂಡ ಕಟ್ಟಿಕೊಳ್ಳಿ. ಬ್ಯಾಗ್ ಇಳಿಸುವುದರಿಂದ ಹಿಡಿದು ಪ್ಯಾಂಟ್ ಇಳಿಸಿ, ಕುಕ್ಕರಗಾಲಲ್ಲಿ ಕೂತು, ಎದ್ದು ಮತ್ತೆ ಎಲ್ಲಾ ಏರಿಸಿಕೊಳ್ಳುವವರೆಗೆ ಎಷ್ಟು ಹೊತ್ತು ಹಿಡಿಯಿತು? ಒಂದೂವರೆ ನಿಮಿಷದೊಳಗೆ, ಗ್ಲೌಸ್ ಕಳಚದೆ ಆದರೆ ಸರಿ. ಮೂರು ನಿಮಿಷ ಹಿಡಿದರೆ ಕಾಡಿನಲ್ಲಿ ನೀವು ನೀರು ಕುಡಿಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಬಿಬ್ ಬೇಕೇ ಬೇಕು ಅನ್ನುವವರು ಹಿಂಭಾಗದಲ್ಲಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಜಿಪ್ ಇರುವುದನ್ನು ನೋಡಿ. ಹೆಗಲ ಪಟ್ಟಿ ಹಾಗೇ ಇರುತ್ತದೆ, ಹಿಂದಿನ ಪರದೆ ಮಾತ್ರ ಕೆಳಗೆ ಬೀಳುತ್ತದೆ. ಫನಲ್, ಅಂದರೆ ನಿಂತೇ ಮುಗಿಸಲು ಹೆಂಗಸರಿಗೆಂದು ಮಾಡಿದ ಆಲಿಕೆ, ಗಾಳಿ ಜೋರಿರುವ ಬಯಲಿನಲ್ಲಿ ದೊಡ್ಡ ಉಪಕಾರಿ. ಮೆತ್ತನೆಯದಕ್ಕಿಂತ ಗಟ್ಟಿ ಪ್ಲಾಸ್ಟಿಕ್ಕಿನದೇ ನನಗೆ ಇಷ್ಟ; ಗ್ಲೌಸ್ ಹಾಕಿದ ಕೈಗೂ ಹಿಡಿತ ಸಿಗುತ್ತದೆ, ಮಡಚಿಕೊಂಡು ಪಜೀತಿ ಮಾಡುವುದಿಲ್ಲ. ಆದರೆ ಪ್ಯಾಂಟಿನ ಮುಂದಿನ ಜಿಪ್ ಸಾಕಷ್ಟು ಕೆಳಗಿನವರೆಗೆ ತೆರೆಯಬೇಕು. ಹೆಂಗಸರ ಪ್ಯಾಂಟುಗಳಲ್ಲಿ ಅದು ಎಷ್ಟೋ ಸಲ ಅಲಂಕಾರಕ್ಕೆ ಇಟ್ಟ ಹಾಗೆ ಗಿಡ್ಡವಾಗಿರುತ್ತದೆ. ಮೊದಲ ನಾಲ್ಕೈದು ಸಲ ಬಚ್ಚಲುಮನೆಯಲ್ಲೇ ಅಭ್ಯಾಸ ಮಾಡಿ, ಅದೂ ಅದೇ ಪ್ಯಾಂಟ್ ಹಾಕಿಕೊಂಡು.

ಫನಲ್ ಇಲ್ಲದೆ ಕೂರುವವರಿಗೆ ಒಂದು ಮಾತು. ಸ್ನೋಶೂ ಬಿಚ್ಚಬೇಡಿ, ಬಿಚ್ಚಿದರೆ ತೊಡೆವರೆಗೆ ಹೂತುಹೋಗುತ್ತೀರಿ. ಕಟ್ಟಿಕೊಂಡೇ ಆ ಜಾಗವನ್ನು ಚೆನ್ನಾಗಿ ತುಳಿದು ಗಟ್ಟಿ ಮಾಡಿ, ಆಮೇಲೆ ಕೂರಿ. ಸ್ನೋಶೂವಿನ ಬಾಲ ನಿಮ್ಮ ಹಿಂದೆ ಒಂದು ಗೇಣು ಚಾಚಿಕೊಂಡಿರುತ್ತದೆ ಅನ್ನುವುದು ಆ ಹೊತ್ತಿನಲ್ಲಿ ಮರೆತೇ ಹೋಗುತ್ತದೆ. ನಾನು ಒಮ್ಮೆ ಮರೆತು ಎದ್ದಾಗ, ಹಿಮ್ಮಡಿಯ ಪಟ್ಟಿ ಒದ್ದೆಯಾಗಿ ಎರಡೇ ನಿಮಿಷದಲ್ಲಿ ಬಕಲಿನ ಸಮೇತ ಮಂಜುಗಡ್ಡೆಯಾಗಿತ್ತು. ಸಂಜೆ ಅದನ್ನು ಬಿಚ್ಚಿದ್ದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ.

ಮುಟ್ಟಿನ ದಿನಗಳ ಬಗ್ಗೆ ಚೀಟಿಯಲ್ಲಿ ಬರೆದು ಕಳಿಸಿದ್ದೀರಿ, ಗಟ್ಟಿಯಾಗಿಯೇ ಕೇಳಬಹುದಿತ್ತು. ಮುಟ್ಟಿನ ಕಪ್ ಅಭ್ಯಾಸ ಇರುವವರಿಗೆ ಒಂದು ದಿನದ ನಡಿಗೆಗೆ ಅದೇ ಸಲೀಸು. ಬೆಳಿಗ್ಗೆ ಶುಚಿಯಾದ ಕೈಯಲ್ಲಿ ಹಾಕಿಕೊಂಡರೆ ಸಾಮಾನ್ಯವಾಗಿ 8ರಿಂದ 12 ಗಂಟೆ ನಡೆಯುತ್ತದೆ. ನಿಮ್ಮದರ ಮೇಲೆ ಬರೆದಿರುವ ಮಿತಿಯನ್ನು ಮೀರಬೇಡಿ. ಮೊದಲ ಬಾರಿಗೆ ಪ್ರಯೋಗ ಮಾಡುವ ಜಾಗ ಮಾತ್ರ ಹಿಮ ಅಲ್ಲ. ಪ್ಯಾಡ್ ಬಳಸುವವರು ಜಿಪ್ ಇರುವ ಎರಡು ಚೀಲ ಇಟ್ಟುಕೊಳ್ಳಿ, ಒಂದರೊಳಗೆ ಒಂದು. ಒರೆಸಿಕೊಳ್ಳಲು ಒಯ್ಯುವ ಹೊಸ ಒದ್ದೆ ಟಿಶ್ಯೂವಿನ ಪೊಟ್ಟಣವನ್ನು ಬ್ಯಾಗಿನಲ್ಲಿ ಇಟ್ಟರೆ ಇಟ್ಟಿಗೆಯಾಗುತ್ತದೆ, ಒಳಜೇಬಿನಲ್ಲಿ ಮೈಗೆ ತಾಗಿ ಇರಲಿ. ಏನನ್ನೂ ಹಿಮದಲ್ಲಿ ಹೂತು ಬರಬೇಡಿ. ಹಿಮದಲ್ಲಿ ಹೂತದ್ದು ಕೊಳೆಯುವುದಿಲ್ಲ, ಬೇಸಿಗೆಗೆ ಹಿಮ ಕರಗಿದಾಗ ಇದ್ದ ಹಾಗೇ ಮೇಲೆ ಬರುತ್ತದೆ.

ಸರಿ, ಇನ್ನು ಬೆವರು. ಸ್ನೋಶೂ ನಡಿಗೆ ನೋಡಲು ಸಾವಕಾಶ, ಮೈಗೆ ಮಾತ್ರ ಮೆಟ್ಟಿಲು ಹತ್ತಿದಂಥ ಕೆಲಸ. ಹೊಸ ಹಿಮದಲ್ಲಿ ಗುಂಪಿನ ಮುಂದೆ ದಾರಿ ತುಳಿಯುವ ಸರದಿ ಬಂದರೆ ಹತ್ತು ನಿಮಿಷದಲ್ಲಿ ಬೆನ್ನು ತೊಯ್ದಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ತೊಯ್ದ ಹತ್ತಿ ಬಟ್ಟೆ ಒಣಗುವ ಮಾತೇ ಇಲ್ಲ, ಮೈಗೆ ಅಂಟಿಕೊಂಡು ತಣ್ಣಗೆ ಕೂತಿರುತ್ತದೆ. ಹಾಗಾಗಿ ಒಳಪದರ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್. ಮೆರಿನೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ವಾಸನೆಯೂ ಕಡಿಮೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಎರಡನೇ ದಿನಕ್ಕೆ ನಾರುತ್ತದೆ. ಮೆರಿನೋದಲ್ಲಿ ಚದರ ಮೀಟರಿಗೆ 150 ಗ್ರಾಂ ತೂಕದ್ದು ನಡೆಯುವುದಕ್ಕೆ ಸಾಕು. 250 ಗ್ರಾಮಿನದು ತೀರಾ ಚಳಿಗೆ ಅಥವಾ ರಾತ್ರಿ ಟೆಂಟಿನಲ್ಲಿ ಹಾಕಿಕೊಳ್ಳಲು. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಲಿ. ಹೊರಡುವಾಗಲೇ ಬೆಚ್ಚಗಿದ್ದೀರಿ ಅಂದರೆ ಒಂದು ಪದರ ಹೆಚ್ಚಾಗಿದೆ ಅಂತ ಲೆಕ್ಕ.

ಇಷ್ಟೂ ಯಾವ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಯಾರೂ ಹೇಳದೆ ಬಿಡುವುದು ಬ್ರಾ ಬಗ್ಗೆ. ಮೈಗೆ ಮೆರಿನೋ, ಕಾಲಿಗೆ ಮೆರಿನೋ, ಅದರ ಒಳಗೆ ದಿನನಿತ್ಯದ ಹತ್ತಿಯ ಬ್ರಾ ಅಥವಾ ಸ್ಪಂಜು ತುಂಬಿದ ಸ್ಪೋರ್ಟ್ಸ್ ಬ್ರಾ! ಆ ಸ್ಪಂಜು ಪಾತ್ರೆ ತೊಳೆಯುವ ಸ್ಪಂಜಿನ ಹಾಗೇ ಕೆಲಸ ಮಾಡುತ್ತದೆ. ಏರುವಾಗ ಬೆವರು ಕುಡಿಯುತ್ತದೆ, ಮೇಲೆ ಹತ್ತಿ ನಿಂತ ಐದು ನಿಮಿಷಕ್ಕೆ ಎದೆಯ ಮೇಲೆ ಯಾರೋ ತಣ್ಣನೆಯ ತಟ್ಟೆ ಇಟ್ಟ ಹಾಗಾಗುತ್ತದೆ. ಕೆಳಗಿನ ಅಗಲ ಎಲಾಸ್ಟಿಕ್ ಪಟ್ಟಿಯಂತೂ ಸಂಜೆಯಾದರೂ ಒಣಗುವುದಿಲ್ಲ. ಸ್ಪಂಜಿಲ್ಲದ, ತೆಳುವಾದ, ಮೆರಿನೋ ಬೆರಕೆಯ ಅಥವಾ ಪಾಲಿಯೆಸ್ಟರಿನ ಬ್ರಾ ಹುಡುಕಿ. ಹುಕ್ಕು, ಪಟ್ಟಿ ಹೊಂದಿಸುವ ಬಳೆ ಇವೆಲ್ಲ ಬ್ಯಾಗಿನ ಪಟ್ಟಿಯ ಕೆಳಗೆ ಬರುತ್ತವೆಯೇ ಅಂತ ಬ್ಯಾಗ್ ಹಾಕಿಯೇ ನೋಡಬೇಕು. ಅಂಗಡಿಯಲ್ಲಿ ಗೊತ್ತಾಗದ ಒಂದು ಸಣ್ಣ ಪ್ಲಾಸ್ಟಿಕ್ ಬಳೆ ನಾಲ್ಕು ಗಂಟೆಯಲ್ಲಿ ಹೆಗಲ ಚರ್ಮ ಕಿತ್ತಿರುತ್ತದೆ. ರಾತ್ರಿ ಉಳಿಯುವುದಾದರೆ ಒಣಗಿದ ಇನ್ನೊಂದು ಜೊತೆಯಲ್ಲಿರಲಿ. ಮುಂದೆ ತೆರೆಯುವಂಥದ್ದಾದರೆ ತಲೆಯ ಮೇಲಿಂದ ಎಳೆಯುವ ಕಷ್ಟವಿಲ್ಲ.

‘ನಮಗೇ ಯಾಕೆ ಚಳಿ ಹೆಚ್ಚು’ ಅನ್ನುವುದು ಗಂಡಸರು ತಮಾಷೆ ಮಾಡುವ ವಿಷಯ. ಸರಾಸರಿಯ ಮಾತು ಹೇಳುವುದಾದರೆ ಹೆಂಗಸರಲ್ಲಿ ಬಿಸಿ ಹುಟ್ಟಿಸುವ ಸ್ನಾಯು ಕಡಿಮೆ, ಅಂಗೈ ಪಾದಗಳು ಚಿಕ್ಕವಾದ್ದರಿಂದ ಬಿಸಿ ಬೇಗ ಆರುತ್ತದೆ. ಅಂಡ ಬಿಡುಗಡೆಯಾದ ಮೇಲಿನ ಎರಡು ವಾರ ಒಳಮೈಯ ಉಷ್ಣತೆ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ ಕೂಡ. ಹೀಗಾಗಿ ಅದೇ ಬಟ್ಟೆಯಲ್ಲಿ ನಿಮಗೆ ಪ್ರತಿ ಸಲ ಒಂದೇ ಅನುಭವ ಆಗಬೇಕೆಂದಿಲ್ಲ. ಸ್ಲೀಪಿಂಗ್ ಬ್ಯಾಗಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 23537 ಇದನ್ನು ಒಪ್ಪಿಕೊಂಡೇ ನಡೆಯುತ್ತದೆ: ಅದರಲ್ಲಿ ‘ಕಂಫರ್ಟ್’ ಅಂತ ಬರೆದ ಉಷ್ಣತೆ ಸರಾಸರಿ ಹೆಂಗಸಿನ ಲೆಕ್ಕದ್ದು, ‘ಲಿಮಿಟ್’ ಅನ್ನುವುದು ಸರಾಸರಿ ಗಂಡಸಿನದು. ದೊಡ್ಡ ಅಕ್ಷರದಲ್ಲಿ ಯಾವುದನ್ನು ಮುದ್ರಿಸಿದ್ದಾರೆ ಅಂತ ನೋಡಿ ಕೊಳ್ಳಿ.

ಕೈಗೆ ತೆಳು ಒಳಗ್ಲೌಸ್, ಅದರ ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಸೇರುವ ಮಿಟನ್. ಬೆರಳುಗಳು ಪಕ್ಕಪಕ್ಕ ಇದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಗಂಡಸರ ಗ್ಲೌಸಿನಲ್ಲಿ ಬೆರಳ ತುದಿಯಾಚೆ ಅರ್ಧ ಇಂಚು ಖಾಲಿ ಉಳಿದರೆ ಅದು ಬೆಚ್ಚಗಾಗದ ಕೋಣೆ, ಬಕಲ್ ಹಿಡಿಯಲೂ ಬರುವುದಿಲ್ಲ. ಮಣಿಕಟ್ಟಿಗೆ ದಾರ ಇರಲಿ. ಗಾಳಿಗೆ ಹಾರಿದ ಮಿಟನ್ ಹಿಂದೆ ಇಳಿಜಾರಿನಲ್ಲಿ ಓಡಿದವರನ್ನು ನಾನು ಕಂಡಿದ್ದೇನೆ.

ಪಾದ ತಣ್ಣಗಾಗುತ್ತದೆ ಅಂತ ಎರಡನೇ ಜೊತೆ ಕಾಲುಚೀಲ ಹಾಕುವುದು ಎಲ್ಲರೂ ಮಾಡುವ ತಪ್ಪು. ಬೂಟು ಬಿಗಿಯಾಗಿ ರಕ್ತ ಓಡಾಡದೆ ಇನ್ನೂ ತಣ್ಣಗಾಗುತ್ತದೆ. ಒಂದೇ ದಪ್ಪ ಉಣ್ಣೆಯ ಕಾಲುಚೀಲ, ಒಳಗೆ ಹೆಬ್ಬೆರಳು ಆಡಿಸಲು ಜಾಗ, ಹಿಮ್ಮಡಿ ಮಾತ್ರ ಮೇಲೇಳಬಾರದು. ಅದಕ್ಕೂ ಮೇಲೆ, ಸ್ನೋಶೂವಿನ ಮುಂಗಾಲಿನ ಪಟ್ಟಿ. ಬೂಟು ಮೆತ್ತಗಿದ್ದರೆ ಆ ಪಟ್ಟಿ ಬೆರಳಿನ ಬುಡವನ್ನು ಹಗ್ಗ ಕಟ್ಟಿದ ಹಾಗೆ ಹಿಸುಕುತ್ತದೆ. ‘ಬೂಟು ಒಳ್ಳೆಯದೇ, ಆದರೂ ಬೆರಳು ಮರಗಟ್ಟುತ್ತದೆ’ ಅಂತ ಬರುವವರಿಗೆ ನಾನು ಮೊದಲು ಆ ಪಟ್ಟಿ ಒಂದು ರಂಧ್ರ ಸಡಿಲಿಸಿ ಅನ್ನುತ್ತೇನೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಗೇಟರ್ ಕೊಳ್ಳುವಾಗ ಮೀನಖಂಡದ ಅಳತೆ ನೋಡಿ, ಪ್ಯಾಂಟಿನ ಮೇಲೆ ಹಾಕಿಯೇ ನೋಡಿ. ತೊಡೆ, ಕುಂಡೆ ಚಳಿಗೆ ಸೆಟೆಯುವವರಿಗೆ, ನಾನೂ ಅದರಲ್ಲೊಬ್ಬಳು, ಪಕ್ಕದಲ್ಲಿ ಪೂರ್ತಿ ಜಿಪ್ ಇರುವ ಹತ್ತಿರಹತ್ತಿರ ಮಂಡಿವರೆಗಿನ ದಪ್ಪ ಸ್ಕರ್ಟ್ ಸಿಗುತ್ತದೆ. ನಿಂತಾಗ ಸುತ್ತಿಕೊಳ್ಳುವುದು, ನಡೆಯುವಾಗ ಬಿಚ್ಚಿ ಬ್ಯಾಗಿಗೆ ಹಾಕುವುದು. ನೋಡಲು ಹಾಸಿಗೆ ಸುತ್ತಿಕೊಂಡ ಹಾಗಿದ್ದರೂ ಅದರ ಸುಖ ಒಮ್ಮೆ ಕಂಡವರು ಬಿಡುವುದಿಲ್ಲ.

ಜಾಕೆಟ್ ಬಗ್ಗೆ ನನಗೊಂದು ಜಗಳವಿದೆ. ‘ಹೆಂಗಸರದು’ ಅನ್ನುವ ಚೀಟಿ ಅಂಟಿಸಿ ಸೊಂಟ ಸಣ್ಣ ಮಾಡಿ, ಉದ್ದ ಕಡಿದು, ಜೇಬು ಕಿತ್ತು ಬಣ್ಣ ಬದಲಿಸಿದ್ದನ್ನು ನಾನು ಹೆಂಗಸರ ಜಾಕೆಟ್ ಅನ್ನುವುದಿಲ್ಲ. ಸೊಂಟ ಹಿಡಿದುಕೊಂಡರೆ ಒಳಗೆ ಎರಡು ಪದರ ಹಿಡಿಯುವುದು ಹೇಗೆ? ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಆಮೇಲೆ ಕಾಲ್ಬೆರಳು ಮುಟ್ಟಲು ಬಗ್ಗಿ. ಬೆನ್ನಿನ ಕೆಳಭಾಗ ಗಾಳಿಗೆ ಬಿತ್ತೋ, ಅದನ್ನು ಅಲ್ಲೇ ಬಿಡಿ. ಅಂಚು ಬ್ಯಾಗಿನ ಸೊಂಟಪಟ್ಟಿಗಿಂತ ಕೆಳಗೆ ಬರಬೇಕು, ಜೇಬು ಅದಕ್ಕಿಂತ ಮೇಲೆ ಇರಬೇಕು. ಇಲ್ಲದಿದ್ದರೆ ಪಟ್ಟಿ ಕಟ್ಟಿದ ಮೇಲೆ ಜೇಬು ಇದ್ದೂ ಇಲ್ಲ. ಕಂಕುಳಲ್ಲಿ ಜಿಪ್ ಇದ್ದರೆ ಜಾಕೆಟ್ ಬಿಚ್ಚದೆಯೇ ಆವಿ ಹೊರಹೋಗುತ್ತದೆ. ಗಂಡಸರ ಅಳತೆಯದೇ ಸರಿಹೊಂದಿದರೆ ಧಾರಾಳವಾಗಿ ಅದನ್ನೇ ತೆಗೆದುಕೊಳ್ಳಿ, ಹಿಮ ಚೀಟಿ ಓದುವುದಿಲ್ಲ.

ಈಗ ಸ್ನೋಶೂ. ಇಲ್ಲಿ ಹೆಂಗಸರದು ಅನ್ನುವುದಕ್ಕೆ ನಿಜವಾದ ಅರ್ಥವಿದೆ. ನಾನು ಒಮ್ಮೆ ಎರವಲು ತಂದ ಗಂಡಸರ 30 ಇಂಚು ಉದ್ದದ, ಅಗಲವಾದ ಸ್ನೋಶೂ ಕಟ್ಟಿಕೊಂಡು ಹೋಗಿದ್ದೆ. ನಮ್ಮ ಹೆಜ್ಜೆ ಸಹಜವಾಗಿ ಹತ್ತಿರ ಹತ್ತಿರ ಬೀಳುತ್ತದೆ. ಎಡಗಾಲಿನ ಅಂಚನ್ನು ಬಲಗಾಲು ತುಳಿಯುವುದು, ಮುಖ ಅಡಿಯಾಗಿ ಬೀಳುವುದು, ಹೀಗೆ ಒಂದು ಗಂಟೆಯಲ್ಲಿ ಏಳು ಸಲ. ಬೀಳದಿರಲೆಂದು ಕಾಲು ಅಗಲಿಸಿ ನಡೆದು ನಡೆದು ತೊಡೆಸಂದಿ ಎರಡು ದಿನ ಹಿಡಿದುಕೊಂಡಿತ್ತು. ಹೆಂಗಸರಿಗೆಂದು ಮಾಡಿದ್ದು ಕಿರಿದಾಗಿರುತ್ತದೆ, ಸುಮಾರು 8 ಇಂಚು ಅಗಲ, ಬಾಲದ ಕಡೆ ಇನ್ನೂ ಸಣ್ಣಗಾಗುತ್ತದೆ. ಪಟ್ಟಿಗಳೂ ಸಣ್ಣ ಬೂಟಿಗೆ ಬಿಗಿಯಾಗುತ್ತವೆ.

ಉದ್ದ ಆರಿಸುವುದು ತೂಕದ ಮೇಲೆ. ನಿಮ್ಮ ತೂಕ ಮಾತ್ರ ಲೆಕ್ಕ ಹಾಕಿದರೆ ಸಾಲದು. ನಾನು 58 ಕಿಲೋ, ಬಟ್ಟೆ ಬೂಟು ಸೇರಿ 4, ಬ್ಯಾಗ್ 10. ಹಿಮದ ಮೇಲೆ ನಾನು 72 ಕಿಲೋ ಹೆಂಗಸು. ಸಾಮಾನ್ಯವಾಗಿ 21-22, 25, 30 ಇಂಚುಗಳಲ್ಲಿ ಬರುತ್ತವೆ, ಯಾವುದು ಎಷ್ಟು ಭಾರ ಹೊರುತ್ತದೆ ಅನ್ನುವ ಪಟ್ಟಿ ಜೊತೆಗೇ ಇರುತ್ತದೆ. ಹೊಸದಾಗಿ ಬಿದ್ದ ಒಣ ಪುಡಿ ಹಿಮದಲ್ಲಿ ಅದೇ ಅಳತೆಯಲ್ಲಿ ಹೆಚ್ಚು ಹೂತುಹೋಗುತ್ತೀರಿ. ಹಾಗಂತ ದೊಡ್ಡದೇ ಒಳ್ಳೆಯದು ಅಂತ ಹೋಗಬೇಡಿ. ಕಾಲಿಗೆ ಕಟ್ಟಿದ ಪ್ರತಿ ನೂರು ಗ್ರಾಮನ್ನೂ ದಿನಕ್ಕೆ ಸಾವಿರಾರು ಸಲ ಎತ್ತಬೇಕು. ನಾನು 22 ಇಂಚಿನದನ್ನೇ ಬಳಸುತ್ತೇನೆ, ಆಳ ಹಿಮ ಇದ್ದರೆ ಹಿಂದೆ ಬಾಲದ ತುಂಡು ಜೋಡಿಸಿಕೊಳ್ಳುತ್ತೇನೆ. ಎಲ್ಲಾ ಮಾದರಿಗೂ ಆ ತುಂಡು ಸಿಗುವುದಿಲ್ಲ, ಕೇಳಿ ಕೊಳ್ಳಿ. ಕಾಡಿನ ಏರಿಳಿತಕ್ಕೆ ಮುಂಗಾಲಿನ ಕೆಳಗೆ ಲೋಹದ ಹಲ್ಲು, ಚೌಕಟ್ಟಿನ ಅಂಚಿಗೂ ಹಲ್ಲು, ಹಿಮ್ಮಡಿ ಕೆಳಗೆ ಎತ್ತಿ ನಿಲ್ಲಿಸುವ ಕಂಬಿ ಬೇಕು. ಆ ಕಂಬಿ ಎತ್ತಿದರೆ ಕಡಿದಾದ ಏರಿನಲ್ಲಿ ಮೀನಖಂಡಕ್ಕೆ ಸಿಗುವ ಬಿಡುವು ಅನುಭವಿಸಿದವರಿಗೇ ಗೊತ್ತು.

ಬ್ಯಾಗಿನ ಅಳತೆ ಎತ್ತರದಿಂದ ತೆಗೆಯಬೇಡಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲೆ ಹೆಬ್ಬೆರಳಿಟ್ಟಾಗ ಬೆನ್ನಿನಲ್ಲಿ ಅವು ಸೇರುವ ಗೆರೆಯವರೆಗೆ ಟೇಪು ಹಿಡಿಯಿರಿ. ಅದೇ ನಿಮ್ಮ ಬೆನ್ನಿನಳತೆ. ಊರುಗೋಲಿನ ತುದಿಗೆ, ಅದು ಹಿಮದಲ್ಲಿ ಹೂತುಹೋಗದಂತೆ, ಅಗಲವಾದ ಬಿಲ್ಲೆ ಇರಲಿ. ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ 80 ಶೇಕಡಾದಷ್ಟನ್ನು ತಿರುಗಿಸಿ ಮುಖಕ್ಕೇ ಎಸೆಯುತ್ತದೆ, ಸನ್‌ಸ್ಕ್ರೀನ್ ಗದ್ದದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಬೇಕು. ನೀರಿನ ಬಾಟಲಿ ತಲೆಕೆಳಗಾಗಿರಲಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಹಾಗಾಗಿ ಮುಚ್ಚಳ ಹೆಪ್ಪುಗಟ್ಟುವುದಿಲ್ಲ.

ಹಿಮಕುಸಿತ ಸ್ಕೀ ಮಾಡುವವರ ತಲೆನೋವು, ನಾವು ನಿಧಾನ ನಡೆಯುವವರು ಅಂತ ಸ್ನೋಶೂನವರು ಅಂದುಕೊಳ್ಳುವುದುಂಟು. ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ, ಅಂಥ ಇಳಿಜಾರಿನ ಬುಡದಲ್ಲಿ ಹಾದುಹೋಗುವವರ ಮೇಲೂ ಬೀಳುತ್ತದೆ. ಅಂಥ ಕಡೆ ಹೋಗುವುದಾದರೆ ಗುಂಪಿನ ಪ್ರತಿಯೊಬ್ಬರ ಬಳಿಯೂ ಹೂತವರನ್ನು ಪತ್ತೆಹಚ್ಚಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಬೀಕನ್, ಚುಚ್ಚಿ ಹುಡುಕುವ ಪ್ರೋಬ್ ಕೋಲು, ಲೋಹದ ಸಲಿಕೆ ಮೂರೂ ಇರಬೇಕು, ಬಳಸಲು ಕಲಿತಿರಬೇಕು. ಹೂತವರನ್ನು ಮೊದಲ 10-15 ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ದಡದಡನೆ ಇಳಿಯುತ್ತದೆ. ಹಗುರ ಅಂತ ಪ್ಲಾಸ್ಟಿಕ್ ಸಲಿಕೆ ಕೊಡಲು ಬಂದರೆ ಬೇಡ ಅನ್ನಿ. ಕುಸಿದು ಗಟ್ಟಿಯಾದ ಹಿಮಕ್ಕೆ ಅದು ನಾಟುವುದಿಲ್ಲ. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಮೊಬೈಲ್ ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್. ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್, ಜಾಕೆಟ್ಟಿನ ಅಯಸ್ಕಾಂತದ ಗುಂಡಿ ಇವೂ ಅದಕ್ಕೆ ತೊಂದರೆ ಕೊಡುತ್ತವೆ.

ಆಗಲೇ ಮಧ್ಯದ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಬೀಕನ್ನನ್ನು ಎದೆಗೆ ಕಟ್ಟುವ ಪಟ್ಟಿ ಸ್ತನಗಳ ನಡುವೆ ಒತ್ತುತ್ತದೆ, ಅದಕ್ಕೆ ಪ್ಯಾಂಟಿನ ಜಿಪ್ ಜೇಬಿನಲ್ಲಿಟ್ಟರೆ ಆಗದೇ ಅಂತ. ಆಗುತ್ತದೆ. ಅದಕ್ಕೆಂದೇ ಒಳಜೇಬು, ದಾರ ಕಟ್ಟುವ ಕೊಂಡಿ ಇರುವ ಪ್ಯಾಂಟುಗಳಿವೆ. ಹಾಗಾದರೆ ಒಂದಕ್ಕೆ ಕೂತಾಗ ಬೀಕನ್ ಎಲ್ಲಿರುತ್ತದೆ? ಮಂಡಿಯ ಹತ್ತಿರ. ಪಕ್ಕದ ಜಿಪ್ ಪೂರ್ತಿ ತೆರೆಯುವ ಪ್ಯಾಂಟಾದರೆ ಹಿಮದ ಮೇಲೆ. ಮಧ್ಯಾಹ್ನ ಬಿಸಿಲೇರಿ ಹೊರಪ್ಯಾಂಟ್ ಕಳಚಿ ಬ್ಯಾಗಿಗೆ ತುರುಕಿದರೆ ಬೀಕನ್ನೂ ಬ್ಯಾಗಿಗೆ ಹೋಯಿತು. ನಾನು ಎದೆಪಟ್ಟಿಯನ್ನೇ ಬಳಸುತ್ತೇನೆ: ಒಳಪದರದ ಮೇಲೆ ಕಟ್ಟಿ, ಬೀಕನ್ನಿನ ಸ್ಕ್ರೀನನ್ನು ಮೈಕಡೆಗೆ ತಿರುಗಿಸಿ, ಅದರ ಮೇಲೆ ಫ್ಲೀಸು, ಜಾಕೆಟ್ಟು. ಪಟ್ಟಿ ಸ್ವಲ್ಪ ಪಕ್ಕಕ್ಕೆ, ಪಕ್ಕೆಲುಬಿನ ಮೇಲೆ ಕೂರುವ ಹಾಗೆ ಎಳೆದುಕೊಂಡರೆ ಒತ್ತುವುದು ಕಡಿಮೆಯಾಗುತ್ತದೆ. ಹಿಂದೆ ಜಿಪ್ ಇರುವ ಬಿಬ್ ಹಾಕಿದ ದಿನ ಕೂತರೂ ಎದ್ದರೂ ಅದು ಇದ್ದಲ್ಲೇ ಇರುತ್ತದೆ.

ಆ ಬಿಬ್, ಪಕ್ಕದ ಜಿಪ್ಪಿನ ಪ್ಯಾಂಟು, ಎರಡು ಅಳತೆಯ ಸ್ನೋಶೂ, ಬೀಕನ್ ಪಟ್ಟಿ ಎಲ್ಲವನ್ನೂ ಆ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದ ಕೋಣೆಯ ಬಾಗಿಲಿಗೆ ಚಿಲಕವಿದೆ, ನೆಲಕ್ಕೆ ಕಂಬಳಿ ಹಾಸಿದೆ. ಒಬ್ಬೊಬ್ಬರೇ ಬನ್ನಿ. ಮೊದಲು ಗ್ಲೌಸ್ ಹಾಕಿಕೊಳ್ಳಿ, ಗಡಿಯಾರ ನಾನು ನೋಡುತ್ತೇನೆ.